ಭಿಶಿಯಲ್ಲಿ ಕೆರೆಗೂ ಒಂದು ಚೀಟಿ

ನನ್ನ ಮಾತಿನಿಂದ ಯಾರಿಗಾದರೂ ಒಳ್ಳೆಯದಾಗಿದೆ ಅಂತ ಸಾಬೀತು ಮಾಡಲು ಹೊರಟವರಿಗೆ ಬಹಳ ತ್ರಾಸಾಗುತ್ತದೆ. ಧಾರವಾಡದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಗಂಟೆ ಹೊಡೆದರೂ ನನ್ನ ಪಾಠ ಮುಗಿಯುತ್ತಿರಲಿಲ್ಲ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಜಾರಿ, ಕೊನೆಗೆ ಮುಂದಿನ ಬೆಂಚಿನ ಸಂಭಾವಿತರು ಮಾತ್ರ ಉಳಿಯುತ್ತಿದ್ದರು. ಎದ್ದು ಹೋಗಲು ಅವರಿಗೆ ಧೈರ್ಯವಿಲ್ಲ ಅನ್ನುವುದು ನನಗೆ ಹೊಳೆಯುತ್ತಿರಲಿಲ್ಲ. ವಿಷಯದಲ್ಲಿ ಆಸಕ್ತಿ ಇರುವವರು ಇನ್ನೂ ಇದ್ದಾರೆ ಅಂತ ಹೆಮ್ಮೆಪಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಕೆಲಗೇರಿಯ ಕಡೆ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆವು. ಮಾಳಿಗೆಯ ಮೇಲೆ ನಿಂತರೆ ಕೆಳಗೆ ಒಂದು ಕೆರೆ ಕಾಣುತ್ತಿತ್ತು. ಕೆಲಗೇರಿಯ ದೊಡ್ಡ ಕೆರೆಯಲ್ಲ, ಅದರ ಮುಂದೆ ಇದನ್ನು ಹೊಂಡ ಅನ್ನಬೇಕು. ಆದರೂ ನೆಂಟರಿಗೆಲ್ಲ ‘ಕೆರೆಯ ದಂಡೆಯ ಮನೆ’ ಅಂತಲೇ ಹೇಳಿದ್ದೆ. ಗೃಹಪ್ರವೇಶಕ್ಕೆ ಬಂದ ನೆಂಟರು ಮಾಳಿಗೆ ಹತ್ತಿ, ಮೂಗಿಗೆ ಸೆರಗು ಹಿಡಿದು, ಲಗೂ ಇಳಿದು ಊಟಕ್ಕೆ ಕೂತರು. ನಮ್ಮ ಬಡಾವಣೆಯ ಬಚ್ಚಲ ನೀರು, ಅದರ ಜೊತೆಗೆ ಬರಬಾರದ್ದೂ ಸೇರಿ, ಒಂದು ಗಟಾರದಲ್ಲಿ ಹರಿದು ನೇರ ಆ ಕೆರೆಗೆ ಬೀಳುತ್ತಿತ್ತು. ಬೆಳಿಗ್ಗೆ ನಾನು ಮುಖ ತೊಳೆದ ನೀರು ನನಗಿಂತ ಮೊದಲು ಕೆರೆ ಮುಟ್ಟುತ್ತಿತ್ತು. ಆಮೇಲೆ ನಾನು ಚಹಾದ ಕಪ್ಪು ಹಿಡಿದು ಮಾಳಿಗೆ ಹತ್ತಿ, ಅಯ್ಯೋ, ಕೆರೆಗೆ ಎಂಥ ಗತಿ ಬಂತು ಅಂತ ಮರುಗುತ್ತಿದ್ದೆ.

ನಮ್ಮ ಮನೆಗೆ ಹಾಲು ಕೊಡುತ್ತಿದ್ದವಳು ಗೌಳಿಗರ ಹೆಣ್ಣುಮಗಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಗಂಡ ತೀರಿಕೊಂಡಿದ್ದ. ಓಣಿಯವರೆಲ್ಲ ಅವಳನ್ನು ಗೌಳಿ ಅಕ್ಕ ಅನ್ನುತ್ತಿದ್ದರು. ಕೆರೆಯ ಆಚೆ ದಂಡೆಯ ಮೇಲೆ ಅವಳ ಗುಡಿಸಲು, ಅದಕ್ಕಿಂತ ದೊಡ್ಡದಾದ ಎಮ್ಮೆಗಳ ಚಪ್ಪರ. ಮಧ್ಯಾಹ್ನ ಬಿಸಿಲೇರಿದರೆ ಎಮ್ಮೆಗಳು ಕೆರೆಗಿಳಿದು ಮೂಗು ಮಾತ್ರ ಮೇಲಿಟ್ಟುಕೊಂಡು ಕೂಡುತ್ತಿದ್ದವು. ಮನೆಗಳಿಗೆ ಕೊಟ್ಟು ಉಳಿದ ಹಾಲನ್ನೆಲ್ಲ ಒಬ್ಬ ಪೇಢೆ ಮಾಡುವವನು ತರಿಸಿಕೊಳ್ಳುತ್ತಿದ್ದ. ಅವಳ ಬಾಳ್ವೆ ನಡೆಯುತ್ತಿದ್ದದ್ದೇ ಆ ಪೇಢೆಯ ಹಾಲಿನಿಂದ. ಒಂದು ದಿನ ಹಾಲು ಅಳೆದು ಹಾಕಿದವಳು ಹೋಗದೆ ಬಾಗಿಲಲ್ಲೇ ನಿಂತಳು.

“ಸರ, ನಿಮ್ಮ ಬಚ್ಚಲ ನೀರು ನಮ್ಮ ಎಮ್ಮಿ ಕೆಚ್ಚಲಿಗೆ ಹತ್ತೇತ್ರಿ. ಹುಣ್ಣ ಆಗ್ಯಾವ. ಪೇಢೇದವರು ಹಾಲು ವಾಸ್ನಿ ಬರ್ತೈತಿ ಅಂತ ಹಿಂದ ಕಳಸ್ಯಾರ. ನೀರು ಛಲೋ ಆದ್ರ ಇಲ್ಲೇ ಇರ್ತೇನಿ. ಇಲ್ಲಂದ್ರ ಎಮ್ಮಿ ಮಾರಿ ಹುಬ್ಬಳ್ಳಿಗೆ ಹೋಗ್ತೇನಿ, ಕಮರಿಪೇಟ್ಯಾಗ ನಮ್ಮ ಅಣ್ಣ ಇರ್ತಾನ. ಅಲ್ಲೆ ನನ್ನ ದಾರಿ ಯಾರೂ ಕಾಯಾಕತ್ತಿಲ್ಲ ಬಿಡ್ರಿ.”

ಇದಕ್ಕೆ ನಾನು ಏನು ಹೇಳಬೇಕಿತ್ತು? ತಪ್ಪಾಯಿತು ಅನ್ನಬಹುದಿತ್ತು. ನಾನು ಕೆರೆಯ ಪರಿಸರದ ಸಮತೋಲನದ ಬಗ್ಗೆ ಹೇಳಲು ಶುರುಮಾಡಿದೆ. ಅವಳು ತಂಬಿಗೆ ಎತ್ತಿಕೊಂಡು ಹೋದಳು.

ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅದೇ ಹೊತ್ತಿಗೆ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಲೇಖನ ಸಿಕ್ಕಿತು. ಗಟಾರದ ನೀರನ್ನು ಮೊದಲು ಒಂದು ಗುಂಡಿಯಲ್ಲಿ ನಿಲ್ಲಿಸಿ ರಾಡಿ ಇಳಿಯಲು ಬಿಡಬೇಕು, ಆಮೇಲೆ ಜಲ್ಲಿ ಹಾಸಿ ಜೊಂಡು ಬೆಳೆಸಿದ ಮಡಿಯಲ್ಲಿ ನಿಧಾನವಾಗಿ ಹರಿಸಬೇಕು, ಬೇರುಗಳ ನಡುವೆ ಸೋಸಿಕೊಂಡು ನೀರು ತಿಳಿಯಾಗುತ್ತದೆ ಅಂತ ಅದರಲ್ಲಿತ್ತು. ಯಂತ್ರ ಬೇಡ, ಕರೆಂಟು ಬೇಡ. ಓದಿ ಬೆರಗಾದೆ. ಜೊಂಡಿನ ಕಾಂಡವನ್ನು ಅಡ್ಡ ಸೀಳಿದರೆ ಒಳಗೆ ಹೇಗಿರುತ್ತದೆ ಅಂತ ವರ್ಷಾ ವರ್ಷಾ ಬೋರ್ಡಿನ ಮೇಲೆ ಚಿತ್ರ ತೆಗೆದವನು ನಾನು. ಅದು ಯಾರದಾದರೂ ಉಪಯೋಗಕ್ಕೆ ಬಂದೀತು ಅನ್ನುವ ಸಂಶಯ ಒಮ್ಮೆಯೂ ಬಂದಿರಲಿಲ್ಲ.

ಮಹಾನಗರಪಾಲಿಕೆಯ ಕಚೇರಿಗೆ ಹೋಗಿ ಕೇಳಿದೆ. ಅವರು ಬಹಳ ಒಳ್ಳೆಯವರು. ದುಡ್ಡು ಕೇಳದಿದ್ದರೆ ಏನು ಬೇಕಾದರೂ ಮಾಡಿರಿ ಅಂದರು. ಇನ್ನು ಉಳಿದದ್ದು ಜನರನ್ನು ಒಂದುಗೂಡಿಸುವುದು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನನಗೇ ಅನ್ನಿಸಿತ್ತು. ಕೆರೆಯ ಸಲುವಾಗಿ ಕಾಲೇಜಿನ ಒಂದು ಕೋಣೆಯಲ್ಲಿ ಸಭೆಗಳ ಸರಣಿಯೇ ನಡೆಯಿತು. ಸಭೆ ಅಂದಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಲ್ಲ ಆಗಬೇಕು. ಧಾರವಾಡದಲ್ಲಿ ಇವು ಇಲ್ಲದೆ ನಾಲ್ಕು ಜನ ಕೂತರೆ ಅದನ್ನು ಹರಟೆ ಅನ್ನುತ್ತಾರೆ. ಪ್ರಾಸ್ತಾವಿಕ ನನ್ನದೇ. ಅದು ಮುಗಿಯುವಷ್ಟರಲ್ಲಿ ಚಹಾ ಆರುತ್ತಿತ್ತು, ಬಂದವರೂ ಆರುತ್ತಿದ್ದರು.

ಕೆರೆಯ ಬದಿಗೆ ಹೊಲ ಇದ್ದ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಗಟಾರ ಕೆರೆ ಸೇರುವ ಜಾಗ ಅವರ ಹೊಲದ ಮೂಲೆಗೇ ಹತ್ತಿತ್ತು. ಜೊಂಡಿನ ಮಡಿ ಮಾಡಲು ಆ ಮೂಲೆಯೇ ಬೇಕು. ಅವರು ಗಟಾರಕ್ಕೆ ಪಂಪ್ ಇಟ್ಟು ಅದೇ ನೀರಿನಲ್ಲಿ ಕಾಯಿಪಲ್ಲೆ ಬೆಳೆಯುತ್ತಿದ್ದರು. ನನ್ನ ಪ್ರಾಸ್ತಾವಿಕವನ್ನು ಪೂರ್ತಿ ಕೇಳಿ ಎದ್ದು ನಿಂತು, “ಮಾಸ್ತರ, ಈ ನೀರಾಗ ಗೊಬ್ಬರ ಪುಕ್ಕಟ ಬರ್ತೈತಿ. ನೀವು ಸೋಸಿ ಬಿಟ್ರ ನಮ್ಮ ಮೆಂತೇ, ಪಾಲಕ್ ಏನ್ ತಿನಬೇಕು? ಜಾಗಾ ಗೇಣೂ ಕೊಡಾಂಗಿಲ್ರಿ,” ಅಂದರು. ಅವರ ಪಾಲಕ್ ನಮ್ಮ ಮನೆಗೂ ಬರುತ್ತಿತ್ತು. ನಮ್ಮದು ನಮಗೇ ಹೇಗೆ ತಿರುಗಿ ಬರುತ್ತಿದೆ ಅನ್ನುವುದು ಆಗಲೇ ಹೊಳೆದದ್ದು. ಅವತ್ತು ಊಟ ಸೇರಲಿಲ್ಲ.

ಬಡಾವಣೆಯ ದೊಡ್ಡ ಮನೆ ಅಮರಗೋಳದಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಸಾಹುಕಾರರದು. ಅವರು ಉದಾರಿಗಳು, ಆದರೆ ಕೆರೆಯ ಬಾಗಿಲಿಗೆ ತಮ್ಮ ತಂದೆಯವರ ಹೆಸರಿನ ಕಲ್ಲು ಹಾಕಬೇಕು ಅಂದರು. ಕೆರೆಗೆ ಬಾಗಿಲೇ ಇಲ್ಲವಲ್ಲ ಅಂದೆ. “ಹಂಗಾರ ಮೊದಲ ಬಾಗಲಾ ಕಟ್ಟಸೂಣ್ರಿ,” ಅಂದರು. ಬೆಳಗಿನ ವಾಕಿಂಗಿನವರ ಮುಖ್ಯಸ್ಥರು ನಿವೃತ್ತ ನ್ಯಾಯಾಧೀಶರು. ಸಮಿತಿಗೆ ಮೊದಲು ನಿಯಮಾವಳಿ ಆಗಬೇಕು ಅನ್ನುವುದು ಅವರ ಹಟ. ಸಮಿತಿಯ ಹೆಸರಿನಲ್ಲಿ ‘ಸಂರಕ್ಷಣೆ’ ಇರಬೇಕೋ ‘ಪುನಶ್ಚೇತನ’ ಇರಬೇಕೋ ಅನ್ನುವುದರ ಮೇಲೆ ಒಂದು ಪೂರಾ ಸಭೆ ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎಲ್ಲರಿಗಿಂತ ಹೆಚ್ಚು ಚರ್ಚೆ ಮಾಡಿದವನು ನಾನೇ.

ಮಳೆಗಾಲ ಹೋಯಿತು, ದಸರಾ ಹೋಯಿತು. ಗೌಳಿ ಅಕ್ಕ ಎಮ್ಮೆಗಳನ್ನು ದೂರದ ಕಲ್ಲಿನ ಕ್ವಾರಿಯ ಹೊಂಡಕ್ಕೆ ಹೊಡೆದುಕೊಂಡು ಹೋಗತೊಡಗಿದಳು. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದು ಎಮ್ಮೆಗಳೂ ಸೊರಗಿದವು, ಅವಳೂ ಸೊರಗಿದಳು. ನನ್ನನ್ನು ಕಂಡಾಗೆಲ್ಲ, “ಮೀಟಿಂಗ್ ಆತೇನ್ರಿ ಸರ?” ಅಂತ ಕೇಳುತ್ತಿದ್ದಳು. ಅದರಲ್ಲಿ ಕುಹಕ ಇರಲಿಲ್ಲ, ಖರೇನೇ ಕೇಳುತ್ತಿದ್ದಳು. ಅದಕ್ಕೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ನಮ್ಮ ಮನೆಯಲ್ಲಿ ಒಮ್ಮೊಮ್ಮೆ ನನ್ನನ್ನು ಸಂಜೆ ಹೊರಗೆ ಕಳಿಸುತ್ತಿದ್ದರು. ಅವತ್ತು ಹೆಂಡತಿಯ ಭಿಶಿ ನಮ್ಮಲ್ಲಿ ಕೂಡುತ್ತಿತ್ತು. ನಮ್ಮ ಕಡೆ ಭಿಶಿ ಗೊತ್ತಿಲ್ಲದ ಹೆಣ್ಣುಮಕ್ಕಳಿಲ್ಲ. ಎಲ್ಲರೂ ತಿಂಗಳಾ ಒಂದೇ ಸಮ ದುಡ್ಡು ಹಾಕುತ್ತಾರೆ. ಹೆಸರಿನ ಚೀಟಿ ಎತ್ತುತ್ತಾರೆ. ಯಾರ ಚೀಟಿ ಬಂತೋ ಅವರ ಮನೆಯಲ್ಲಿ ಮುಂದಿನ ತಿಂಗಳು ಎಲ್ಲರೂ ಕೂಡಿ, ಕೂಡಿದ ದುಡ್ಡನ್ನೆಲ್ಲ ಅವರ ಕೈಗಿಡುತ್ತಾರೆ. ಅವರು ಎಲ್ಲರಿಗೂ ಫರಾಳ ಮಾಡಿ ಹಾಕಬೇಕು. ಲೆಕ್ಕ ಬಾಯಲ್ಲೇ, ಆದರೂ ಕಂತು ತಪ್ಪಿಸಿದವರು ಆ ಓಣಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಒಂದು ಸಂಜೆ ನಾನು ಮಫ್ಲರ್ ಮರೆತು ಮನೆಗೆ ತಿರುಗಿ ಬಂದೆ. ಪಡಸಾಲೆಯಲ್ಲಿ ಸಾಹುಕಾರರ ಹೆಂಡತಿ, ಕಾಕಾನ ಸೊಸೆ, ನ್ಯಾಯಾಧೀಶರ ಮನೆಯವರು, ಗೌಳಿ ಅಕ್ಕ, ಬಡಾವಣೆಯ ಇನ್ನಷ್ಟು ಹೆಣ್ಣುಮಕ್ಕಳು ಒಂದೇ ಜಮಖಾನೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತ ಬಿದ್ದು ಬಿದ್ದು ನಗುತ್ತಿದ್ದರು. ನಾನು ಒಂದುಗೂಡಿಸಬೇಕು ಅಂತ ಚಪ್ಪಲಿ ಸವೆಸಿದ ಜನರೆಲ್ಲ ನನ್ನದೇ ಪಡಸಾಲೆಯಲ್ಲಿ ಒಂದುಗೂಡಿದ್ದರು. ನಗುತ್ತಿದ್ದದ್ದು ನನ್ನ ಪ್ರಾಸ್ತಾವಿಕಕ್ಕೆ ಅಂತ ಆಮೇಲೆ ತಿಳಿಯಿತು. ಕಾಕಾನ ಸೊಸೆ ನನ್ನ ಹಾಗೆ ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು ತೋರಿಸುತ್ತಿದ್ದಳಂತೆ.

ಅವರು ಹೋದಮೇಲೆ ಹೆಂಡತಿಯ ಮುಂದೆ ನನ್ನ ದುಃಖ ತೋಡಿಕೊಂಡೆ. ದುಡ್ಡು ಹೇಗೆ ಕೂಡಿಸುವುದು ಅಂದೆ.

“ಕೆರೀನೂ ಭಿಶಿಯಾಗ ಹಾಕೂಣು,” ಅಂದಳು.

“ಕೆರೆಯ ಕಂತು ಯಾರು ಕಟ್ಟೋರು?”

“ಒಂದೊಂದು ತಿಂಗಳಾ ಒಬ್ಬೊಬ್ಬರು. ಒಮ್ಮೆ ಸಾಹುಕಾರರ ಮನಿ, ಒಮ್ಮೆ ಕಾಕಾನ ಮನಿ, ಒಮ್ಮೆ ವಾಕಿಂಗಿನವರು, ಒಮ್ಮೆ ನಾವು. ಅಕ್ಕ ತನ್ನ ಪಾಳಿಗೆ ಹಾಲು ಹಾಕ್ತಾಳ.”

ಇದಕ್ಕೆ ಕಾನೂನಿನ ತೊಡಕುಗಳಿವೆ ಅಂತ ನಾನು ವಿವರಿಸಲು ಹೊರಟೆ. ಹೆಂಡತಿ ಅವಲಕ್ಕಿಯ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನನ್ನ ಮಾತಿನ ನಡುವೆ ಪಾತ್ರೆ ಎತ್ತಿಕೊಂಡು ಹೋಗುವುದನ್ನು ಈ ಹೆಂಗಸರು ಎಲ್ಲಿ ಕಲಿತರೋ ಗೊತ್ತಿಲ್ಲ.

ದೀಪಾವಳಿಯಿಂದ ಹೊಸ ಭಿಶಿ ಶುರುವಾಯಿತು. ಚೀಟಿಗಳಲ್ಲಿ ‘ಕೆರಿ’ ಅಂತ ಒಂದು ಚೀಟಿ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಜಾಗ ಗೇಣೂ ಕೊಡಾಂಗಿಲ್ಲ ಅಂದಿದ್ದ ಕಾಕಾ ಕೂಡ ತಮ್ಮ ಪಾಳಿ ಬಂದಾಗ ಕೆರೆಯ ಕಂತು ಕೊಟ್ಟರು. ಕೆರೆಗೆ ಅಂತ ಕೇಳಿದರೆ ಅದು ದೇಣಿಗೆ, ನೂರು ಪ್ರಶ್ನೆ ಕೇಳಬಹುದು. ಭಿಶಿಗೆ ಅಂದರೆ ಸೊಸೆಯ ಮರ್ಯಾದೆ, ಪ್ರಶ್ನೆಯಿಲ್ಲ. ಸಾಹುಕಾರರು ಹೆಸರಿನ ಕಲ್ಲಿನ ವಿಷಯವನ್ನೇ ಎತ್ತಲಿಲ್ಲ, ಭಿಶಿಯ ಚೀಟಿಯ ಮೇಲೆ ತಂದೆಯ ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ.

ಯುಗಾದಿ ಮುಗಿದ ಮೇಲೆ ಕೆರೆಯ ಚೀಟಿ ಬಂತು. ಅಂದರೆ ಮುಂದಿನ ತಿಂಗಳ ಫರಾಳ ಕೆರೆಯ ಮನೆಯಲ್ಲಿ, ಅರ್ಥಾತ್ ಏರಿಯ ಮೇಲೆ. ನನ್ನ ಸಂಭ್ರಮ ನೋಡಬೇಕಿತ್ತು. ಮಳೆಗೆ ಮೊದಲೇ ಗುಂಡಿ ತೋಡಿ, ಮೊದಲ ಮಳೆಗೆ ಜೊಂಡು ನೆಡುವುದು ಅಂತ ಠರಾಯಿಸಿದೆ. ಯಾರನ್ನೂ ಕೇಳದೆ ಆಮಂತ್ರಣ ಅಚ್ಚು ಹಾಕಿಸಿದೆ. ನಮ್ಮ ನಿವೃತ್ತ ಪ್ರಾಚಾರ್ಯರನ್ನು ಗುದ್ದಲಿ ಪೂಜೆಗೆ ಮುಖ್ಯ ಅತಿಥಿ ಅಂತ ಒಪ್ಪಿಸಿದೆ. ಮೂಲೆಯ ಜಾಗ ಇನ್ನೂ ಸಿಕ್ಕಿಲ್ಲ ಅನ್ನುವುದು ನನಗೆ ಸಣ್ಣ ವಿಷಯವಾಗಿ ಕಂಡಿತ್ತು. ಮುಖ್ಯ ಅತಿಥಿ ಬಂದು ನಿಂತರೆ ಕಾಕಾ ಒಲ್ಲೆ ಅಂದಾರೆಯೇ ಅಂತ ನನ್ನ ಲೆಕ್ಕ.

ಫರಾಳದ ಸಂಜೆ ಗಂಡಸರೂ ಬಂದರು. ಕಾಕಾನ ಮನೆಯಿಂದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಸಾಹುಕಾರರ ಮನೆಯಿಂದ ಚುರುಮುರಿಯ ಚೀಲ. ಅಲ್ಲೇ ಕಲ್ಲು ಹೂಡಿ ಒಲೆ ಮಾಡಿ, ಗಿರ್ಮಿಟ್ಟು ಕಲಸಿ ಮಿರ್ಚಿ ಕರಿದರು. ಆ ನಾತದಲ್ಲೂ ಮಿರ್ಚಿಯ ವಾಸನೆ ಗೆದ್ದಿತು. ದುಡ್ಡು ಕೂಡಿ ಹೆಂಡತಿಯ ಸೆರಗಿನಲ್ಲಿ ಬಿದ್ದ ಮೇಲೆ ನಾನು ಕಿಸೆಯಿಂದ ಭಾಷಣದ ಹಾಳೆ ತೆಗೆದೆ. ಅಷ್ಟರಲ್ಲಿ ಗೌಳಿ ಅಕ್ಕ ಎದ್ದು ನಿಂತಳು.

“ನಂದೊಂದು ಮಾತೈತ್ರಿ. ಹ್ವಾದ ವಾರ ನನ್ನ ಹಿರೇ ಎಮ್ಮಿ ಹೊಟ್ಟಿ ಉಬ್ಬಿ ಸತ್ತತಿ, ನಿಮಗೆಲ್ಲಾ ಗೊತ್ತೈತಿ. ಮನೀ ಹಾಲೆಲ್ಲಾ ಅದರ ಮ್ಯಾಲ ನಡದಿತ್ತು. ಈಗ ಇನ್ನೊಂದು ಎಮ್ಮಿ ಕಟ್ಟದಿದ್ರ ಉಳದದ್ದೂ ಮಾರಬೇಕು. ಈ ಸಲದ ಪಾಳಿ ನನಗ ಬಿಟ್ಟು ಕೊಡ್ರಿ. ನನ್ನ ಚೀಟಿ ಬಂದಾಗ ಅದನ್ನ ಕೆರೀಗೆ ತಗೋರಿ.”

ಭಿಶಿಯಲ್ಲಿ ಈ ರೂಢಿ ಇದೆ. ಅಡಚಣೆಯಲ್ಲಿ ಇದ್ದವರು ಪಾಳಿ ಬದಲಿಸಿ ಕೇಳಬಹುದು. ಆದರೆ ಚೀಟಿ ಬಂದವರು ತಮ್ಮ ಬಾಯಿಂದ ಆಗಲಿ ಅನ್ನಬೇಕು. ಅವಳು ಯಾರನ್ನು ಕೇಳುತ್ತಿದ್ದಾಳೆ ಅಂತ ನೋಡಿದೆ. ಕೆರೆಯನ್ನೇ ನೋಡುತ್ತ ಕೇಳುತ್ತಿದ್ದಳು.

ನಾನು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡೆ. ಯಾರೋ ಕಿಸಕ್ಕನೆ ನಕ್ಕರು. “ಯೋಜನೆಯ ದೃಷ್ಟಿಯಿಂದ ನೋಡಿದರೆ,” ಅಂತ ಶುರುಮಾಡಿದೆ.

“ನೀವು ಕೆರಿ ಅಲ್ರಿ,” ಅಂದಳು ಹೆಂಡತಿ. “ಕೆರೀಗೆ ಬಾಯಿ ಇಲ್ಲ. ಅದರ ಕಂತು ಕಟ್ಟಿದವರೆಲ್ಲಾ ಒಬ್ಬೊಬ್ಬರ ಹೇಳ್ರಿ.”

ಕಾಕಾನ ಸೊಸೆ ಮಾವನ ಮುಖ ನೋಡಿದಳು. ಕಾಕಾ ಕೆರೆಯ ಕಡೆ ತಿರುಗಿ, “ಕೊಡ್ಲಿ. ಅದರ ಮೈಯಾಗ ಬಿದ್ದು ಬೆಳದ ಎಮ್ಮಿ,” ಅಂದರು. ಸಾಹುಕಾರರ ಹೆಂಡತಿ ಗಂಡನನ್ನು ಕೇಳಲೂ ಇಲ್ಲ, ಆಗಲಿ ಅಂದಳು. ನ್ಯಾಯಾಧೀಶರು ನಿಯಮಾವಳಿಯಲ್ಲಿ ಇದಕ್ಕೆ ಅವಕಾಶ ಇದೆಯೇ ಅಂತ ಕೇಳಬಹುದು ಅನ್ನುವ ಆಸೆ ನನಗಿತ್ತು. ಅವರು, “ಇದರಾಗ ವಿಚಾರ ಮಾಡೂದೇನೈತಿ?” ಅಂದುಬಿಟ್ಟರು. ಉಳಿದದ್ದು ನಮ್ಮ ಮನೆ.

ನನಗೆ ಸಿಟ್ಟು ಬಂದಿತ್ತು. ಅವಳ ಎಮ್ಮೆಗಾಗಿಯೇ ಈ ಎಲ್ಲ ಓಡಾಟ, ಈಗ ಅವಳೇ ಅಡ್ಡ ಬಂದಳಲ್ಲ ಅಂತ ಸಿಟ್ಟು. ಒಂದು ಮಳೆಗಾಲ ಕೈತಪ್ಪುತ್ತದೆ ಅಂತ ಸಿಟ್ಟು. ನಿಜ ಹೇಳಬೇಕೆಂದರೆ, ಮುಖ್ಯ ಅತಿಥಿಗಳ ಮನೆಗೆ ಹೋಗಿ ಬರಬೇಡಿ ಅನ್ನಬೇಕಲ್ಲ ಅನ್ನುವ ಸಿಟ್ಟೇ ದೊಡ್ಡದು. ಆಗಲಿ ಅಂದೆ, ನನಗೇ ಕೇಳದಷ್ಟು ಮೆಲ್ಲಗೆ. “ಕೇಳ್ಲಿಲ್ರಿ,” ಅಂದಳು ಹೆಂಡತಿ. ಕ್ಲಾಸಿನಲ್ಲಿ ಮೈಕ್ ಬೇಡದ ದನಿ ನನ್ನದು, ಅವತ್ತು ಒಂದು ಶಬ್ದವನ್ನು ಎರಡು ಸಲ ಹೇಳಬೇಕಾಯಿತು.

ಬೇಸಿಗೆ ಮುಗಿಯುವ ಮೊದಲೇ ಅವಳ ಚಪ್ಪರಕ್ಕೆ ಹೊಸ ಎಮ್ಮೆ ಬಂತು. ಮಳೆಗಾಲದಲ್ಲಿ ಗಟಾರ ಮೊದಲಿನ ಹಾಗೇ ಹರಿಯಿತು. ಅಚ್ಚಾದ ಆಮಂತ್ರಣಗಳ ಹಿಂಬದಿ ಬಹಳ ದಿನ ನಮ್ಮ ಮನೆಯ ಕಿರಾಣಿ ಯಾದಿಗೆ ಬಂತು. ಕಾಲೇಜಿನ ಗೆಳೆಯರು, ಗುದ್ದಲಿ ಪೂಜೆ ಮುಗಿಯಿತೇನಪ್ಪ ಅಂತ ದಿನಾ ಕಾಡುತ್ತಿದ್ದರು. ಎಲ್ಲ ಕೆಟ್ಟಿತು ಅಂತಲೇ ನಾನು ತಿಳಿದಿದ್ದೆ.

ಆದರೆ ಆ ಸಂಜೆಯಿಂದ ಜನ ಕೆರೆಯ ಬಗ್ಗೆ ಮಾತಾಡುವ ರೀತಿ ಬದಲಾಗಿತ್ತು. ಮೊದಲು ಅದು ನನ್ನ ಹುಚ್ಚಾಗಿತ್ತು. ಈಗ ಅದು ಅಡಚಣೆಗೆ ಆಗಿ ಬಂದ ಒಬ್ಬರಾಗಿತ್ತು. ದಸರಾ ಆದಮೇಲೆ ಗೌಳಿ ಅಕ್ಕನ ಚೀಟಿ ಬಂತು, ಪಾಳಿ ಕೆರೆಗೆ ಹೋಯಿತು. ಮರುದಿನ ಕಾಕಾ ತಾವಾಗಿ ನಮ್ಮ ಮನೆಗೆ ಬಂದರು. “ಮಾಸ್ತರ, ಮೂಲಿ ಜಾಗಾ ತಗೋರಿ. ಕೆರೀನ ತನ್ನ ಪಾಳಿ ಬಿಟ್ಟು ಕೊಟ್ಟೈತಿ, ನಾ ಒಂದ್ ಮೂಲಿ ಬಿಡಬಾರದೇನ್ರಿ? ಆದ್ರ ಗುಂಡಿಯೊಳಗ ಇಳದ ರಾಡಿ ಎಲ್ಲಾ ನನ್ನ ಹೊಲಕ್ಕ ಬರಬೇಕು.” ಈ ಕರಾರು ನನ್ನ ಪ್ರಾಸ್ತಾವಿಕದಲ್ಲೇ ಬರಬಹುದಾಗಿತ್ತು. ಅವರಿಗೆ ಏನು ಬೇಕು ಅಂತ ಕೇಳಲು ನಾನು ಬಾಯಿ ಮುಚ್ಚಬೇಕಿತ್ತಲ್ಲ.

ಸಾಹುಕಾರರು ಟ್ರ್ಯಾಕ್ಟರ್ ಕಳಿಸಿದರು, ಮಣ್ಣು ತುಂಬಿ ಒಡ್ಡು ಹಾಕಲು ಖಾಲಿ ಗೋಣಿಚೀಲ ಕೊಟ್ಟರು. ನ್ಯಾಯಾಧೀಶರು ವಾಕಿಂಗಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಜಲ್ಲಿಯ ಬುಟ್ಟಿ ಕೈಯಿಂದ ಕೈಗೆ ದಾಟಿಸಿದರು, ಅಪ್ಪಣೆ ಮಾತ್ರ ಅವರದು. ಭಿಶಿಯ ದುಡ್ಡು ಗುಂಡಿಯ ಕಲ್ಲಿಗೆ, ಗೌಂಡಿಯ ಕೂಲಿಗೆ ಆಯಿತು. ಜೊಂಡು ನಾಟುವ ದಿನ ನಾನು ಕೆಸರಿನಲ್ಲಿ ಇಳಿದು, ಗಡ್ಡೆ ಹೇಗೆ ಹಿಡಿಯಬೇಕು ಅಂತ ತೋರಿಸಲು ಹೋಗಿ ಕೂತುಬಿಟ್ಟೆ. ಎಬ್ಬಿಸಲು ಇಬ್ಬರು ಬೇಕಾದರು. ಪ್ರಾರ್ಥನೆ, ಸ್ವಾಗತ ಯಾವುದೂ ಆಗಲಿಲ್ಲ.

ಕಷ್ಟದ ಪಾಲು ಮಾತ್ರ ಗೌಳಿ ಅಕ್ಕನಿಗೇ ಬಂತು. ಎಳೆ ಜೊಂಡು ಎಮ್ಮೆಗೆ ಹಬ್ಬದೂಟ. ಅದು ಬೇರೂರಿ ಗಟ್ಟಿಯಾಗುವವರೆಗೆ ಎಮ್ಮೆ ಕೆರೆಯ ಹತ್ತಿರ ಸುಳಿಯುವ ಹಾಗಿಲ್ಲ. ಅವಳು ಬೈದುಕೊಂಡೇ ಕ್ವಾರಿಗೆ ಹೊಡೆದುಕೊಂಡು ಹೋದಳು, ನನ್ನನ್ನೂ, ಜೊಂಡನ್ನೂ, ಒಮ್ಮೊಮ್ಮೆ ಕೆರೆಯನ್ನೂ ಬೈದಳು. ಒಂದು ಎಮ್ಮೆಯೂ ಮಡಿಗೆ ಬಾಯಿ ಹಾಕಲಿಲ್ಲ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಜೊಂಡು ನನ್ನ ತಲೆ ಮೀರಿತ್ತು. ಕೆರೆಯ ನೀರು ಕನ್ನಡಿಯೇನೂ ಆಗಲಿಲ್ಲ, ಆದರೆ ನಾತ ಹೋಯಿತು, ಮೀನು ಕುಪ್ಪಳಿಸುವುದು ಕಂಡಿತು. ಎಮ್ಮೆಗಳು ಮತ್ತೆ ನೀರಿಗಿಳಿದವು. ಕೆಚ್ಚಲಿನ ಹುಣ್ಣು ಮರಳಿ ಬರಲಿಲ್ಲ. ಪೇಢೆಯವನ ಆಳು ಒಂದು ದಿನ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಅವಳ ಚಪ್ಪರದ ಮುಂದೆ ಬಂದು ನಿಂತ. ಅವಳು ಹುಬ್ಬಳ್ಳಿಯ ಮಾತು ಎತ್ತುವುದನ್ನು ಬಿಟ್ಟಳು.

ಆಮೇಲೆ ನಮ್ಮ ಕೆರೆ ನೋಡಲು ಬೇರೆ ಊರಿನವರು ಬರತೊಡಗಿದರು. ನನಗೆ ಹೊಸ ಕೇಳುಗರು ಸಿಕ್ಕರು. ಒಂದು ಬೆಳಿಗ್ಗೆ ಅಂಥವರನ್ನು ಏರಿಯ ಮೇಲೆ ನಿಲ್ಲಿಸಿಕೊಂಡು ನೀರಿನ ಶುದ್ಧತೆಯ ಬಗ್ಗೆ ಹೇಳುತ್ತಿದ್ದೆ. ಈ ನೀರಿಗೆ ಒಂದು ಅಗಳೂ, ಒಂದು ಹನಿ ಎಣ್ಣೆಯೂ ಬೀಳಲು ನಾವು ಬಿಡುವುದಿಲ್ಲ ಅಂದೆ. ಅದೇ ಹೊತ್ತಿಗೆ ಗೌಳಿ ಅಕ್ಕ ಕೈಯಲ್ಲಿ ಮುಚ್ಚಿದ ಬಟ್ಟಲು ಹಿಡಿದು ಬಂದಳು. ಕೆರೆಯ ಪಾಳಿಯಿಂದ ಕೊಂಡ ಎಮ್ಮೆ ಹಿಂದಿನ ದಿನ ಈದಿತ್ತು. ಎಮ್ಮೆ ಈದರೆ ಗಿಣ್ಣದ ಹಾಲನ್ನು ಬೇಕಾದವರ ಮನೆಗಳಿಗೆಲ್ಲ ಹಂಚುವುದು ರೂಢಿ. ಆ ಬೆಳಿಗ್ಗೆ ಭಿಶಿಯ ಎಲ್ಲ ಮನೆಗಳಿಗೂ ಕೊಟ್ಟು ಬಂದಿದ್ದಳು, ಒಂದು ಬಟ್ಟಲು ಉಳಿದಿತ್ತು.

ನನ್ನ ಕಡೆ ನೋಡಲೂ ಇಲ್ಲ. ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದು ಹೋಗಿ, ದಟ್ಟ ಹಳದಿ ಹಾಲನ್ನು ನಿಧಾನವಾಗಿ ನೀರಿಗೆ ಸುರಿದಳು. ಬಟ್ಟಲನ್ನು ಅದೇ ನೀರಿನಲ್ಲಿ ಅಲುಬಿದಳು. “ಗಂಡುಗರು ಅಲ್ಲ ಯವ್ವಾ, ಹೆಣ್ಣುಗರು ಹುಟ್ಟೈತಿ,” ಅಂತ ಕೆರೆಗೆ ಹೇಳಿದಳು.

ಬಂದವರು ನನ್ನ ಮುಖ ನೋಡಿದರು. ಅವರಲ್ಲೊಬ್ಬ, ಇದೇನು ಸರ್, ಇದಕ್ಕೆಲ್ಲ ಅವಕಾಶ ಇದೆಯಾ ಅಂತ ಕೇಳಿದ. ಅಷ್ಟು ವರ್ಷ ಕೆರೆಯ ಪರವಾಗಿ ಮಾತಾಡಿದವನು ನಾನು, ಕೆರೆಯ ಜೊತೆ ಒಂದು ಮಾತೂ ಆಡಿರಲಿಲ್ಲ. ಅವಳು ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಮೆಟ್ಟುವವರೆಗೆ ನಾನು ದಾರಿ ಬಿಟ್ಟು ಬದಿಗೆ ನಿಂತೆ.